ಸ್ವಂತವಾಗಿ ಕಟ್ಟುವ ಲಘು ವಿಮಾನದಲ್ಲಿ ಇಂಧನ ಟ್ಯಾಂಕ್ ಎಲ್ಲಿರಬೇಕು: ಮೂಗಿನಲ್ಲೋ, ರೆಕ್ಕೆಯಲ್ಲೋ, ಆಸನದ ಹಿಂದೆಯೋ?

ನಕ್ಷೆಯಲ್ಲಿ ವಿನ್ಯಾಸಕಾರರು ತೋರಿಸಿದ ಜಾಗದಿಂದ ಇಂಧನ ಟ್ಯಾಂಕನ್ನು ಬೇರೆಡೆಗೆ ಸರಿಸುವ ಯೋಚನೆ, ಲಘು ವಿಮಾನವನ್ನು ತಾವೇ ಕಟ್ಟುವವರಿಗೆ ಸಾಮಾನ್ಯವಾಗಿ ಮೂರು ಕಾರಣಗಳಿಂದ ಬರುತ್ತದೆ. ಒಮ್ಮೆ ತುಂಬಿಸಿದರೆ ಇನ್ನಷ್ಟು ದೂರ ಹಾರುವಂತಿರಬೇಕು ಎಂಬುದು ಒಂದು; ಮೊಣಕಾಲಿನ ಮೇಲೆ ನಲವತ್ತೋ ಐವತ್ತೋ ಲೀಟರ್ ಪೆಟ್ರೋಲ್ ಇಟ್ಟುಕೊಂಡು ಕೂರುವುದು ಬೇಡ ಎಂಬುದು ಇನ್ನೊಂದು; ಪ್ಯಾನೆಲ್ ಹಿಂದೆ ಉಪಕರಣಗಳಿಗೆ ಜಾಗ ಸಾಲದು ಎಂಬುದು ಮತ್ತೊಂದು. ಮೂರೂ ನ್ಯಾಯವಾದ ಕಾರಣಗಳೇ. ಆದರೆ ಟ್ಯಾಂಕ್ ತಾನೊಂದೇ ಸರಿಯುವುದಿಲ್ಲ. ಅದರ ಜೊತೆಗೆ ವಿಮಾನದ ಗುರುತ್ವ ಕೇಂದ್ರ, ಪೈಪುಗಳ ದಾರಿ, ಪಂಪಿನ ಅಗತ್ಯ, ವಾಲ್ವಿನ ಜಾಗ, ಗಾಳಿ ಒಳಬರುವ ವೆಂಟ್, ನೀರು ಕೆಳಗಿಳಿಯುವ ಮೂಲೆ ಇವೆಲ್ಲವೂ ಸರಿಯುತ್ತವೆ. ಆದ್ದರಿಂದ ಇಲ್ಲಿ ಹೋಲಿಸಬೇಕಾದದ್ದು ಟ್ಯಾಂಕಿನ ಜಾಗಗಳನ್ನಲ್ಲ, ಇಡೀ ಇಂಧನ ವ್ಯವಸ್ಥೆಗಳನ್ನು.

ಆಯ್ಕೆಗಳು ಮುಖ್ಯವಾಗಿ ಮೂರು: ಫೈರ್‌ವಾಲ್ (ಎಂಜಿನ್ ಮತ್ತು ಪೈಲಟ್ ಕೂರುವ ಭಾಗದ ನಡುವಿನ ಬೆಂಕಿತಡೆ ಗೋಡೆ) ಮತ್ತು ಪ್ಯಾನೆಲ್ ನಡುವಿನ ಮೂಗಿನ ಟ್ಯಾಂಕ್, ರೆಕ್ಕೆಯೊಳಗಿನ ಟ್ಯಾಂಕ್, ಆಸನಗಳ ಹಿಂದಿನ ಟ್ಯಾಂಕ್. ಇವುಗಳನ್ನು ಬೆರೆಸಿ ಮಾಡುವ ನಾಲ್ಕನೆಯ ದಾರಿಯೊಂದಿದ್ದು, ಹಲವರಿಗೆ ಕೊನೆಗೆ ಹೊಂದುವುದು ಅದೇ.

ಮೊದಲು ತೂಕದ ಲೆಕ್ಕ

ಯಾವ ಆಯ್ಕೆಯನ್ನೂ ಇಷ್ಟಪಡುವ ಮೊದಲು ಕಾಗದ ಪೆನ್ಸಿಲ್ ಹಿಡಿದು ಕೂರುವುದು ಒಳ್ಳೆಯದು. ವಿಮಾನದ ಪೆಟ್ರೋಲ್ ಲೀಟರಿಗೆ ಸುಮಾರು 0.72 ಕಿಲೋಗ್ರಾಂ ತೂಗುತ್ತದೆ. ಹಾಗಾಗಿ 60 ಲೀಟರ್ ಎಂದರೆ ಸುಮಾರು 43 ಕಿಲೋಗ್ರಾಂ. ಹಾರಾಟದ ನಡುವೆ ಕರಗಿ ಹೋಗುವ ತೂಕ ಇದೊಂದೇ ಆದ್ದರಿಂದ, ಅದು ಗುರುತ್ವ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ.

ಉದಾಹರಣೆಗೆ ಇಬ್ಬರು ಕೂರುವ ಒಂದು ಕಲ್ಪಿತ ವಿಮಾನವನ್ನು ತೆಗೆದುಕೊಳ್ಳೋಣ. ಅಳತೆಗಳನ್ನೆಲ್ಲ ಫೈರ್‌ವಾಲ್‌ನಿಂದ ಹಿಂದಕ್ಕೆ ಲೆಕ್ಕ ಹಾಕೋಣ. ಖಾಲಿ ತೂಕ 290 ಕಿಲೋಗ್ರಾಂ, ಅದರ ಕೇಂದ್ರ 0.62 ಮೀಟರ್, ಇಬ್ಬರ ಒಟ್ಟು ತೂಕ 160 ಕಿಲೋಗ್ರಾಂ, ಆಸನ 1.15 ಮೀಟರ್, ಗುರುತ್ವ ಕೇಂದ್ರ ಇರಬಹುದಾದ ಮಿತಿ 0.68ರಿಂದ 0.83 ಮೀಟರ್. ಇಬ್ಬರೂ ಕುಳಿತು ಟ್ಯಾಂಕ್ ಖಾಲಿಯಿದ್ದಾಗ ಕೇಂದ್ರ 0.808 ಮೀಟರಿನಲ್ಲಿ ನಿಲ್ಲುತ್ತದೆ. 60 ಲೀಟರನ್ನು 0.25 ಮೀಟರ್ ದೂರದ ಮೂಗಿನ ಟ್ಯಾಂಕಿಗೆ ತುಂಬಿದರೆ ಅದು 0.760ಕ್ಕೆ ಬರುತ್ತದೆ, ಹಾರುತ್ತ ಹೋದಂತೆ ಸುಮಾರು ಐದು ಸೆಂಟಿಮೀಟರ್ ಹಿಂದಕ್ಕೆ ಜಾರುತ್ತದೆ. ಅದೇ ಇಂಧನವನ್ನು ರೆಕ್ಕೆಯ ಮುಂಭಾಗದಲ್ಲಿ, 0.70 ಮೀಟರಿನಲ್ಲಿ ಇಟ್ಟರೆ ಕೇಂದ್ರ 0.799, ತುಂಬಿದ ಟ್ಯಾಂಕಿಗೂ ಖಾಲಿ ಟ್ಯಾಂಕಿಗೂ ಒಂದು ಸೆಂಟಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಆಸನಗಳ ಹಿಂದೆ, 1.75 ಮೀಟರಿನಲ್ಲಿ ಇಟ್ಟರೆ ಕೇಂದ್ರ 0.891ಕ್ಕೆ ಹೋಗಿ, ಹಿಂದಿನ ಮಿತಿಯನ್ನು ಆರು ಸೆಂಟಿಮೀಟರ್ ದಾಟಿಬಿಡುತ್ತದೆ. ಅಂಥ ವಿಮಾನ ನೆಲ ಬಿಡುವಾಗ ಪೈಲಟ್ ಕೈಯಲ್ಲಿನ ನಿಯಂತ್ರಣ ಕಡ್ಡಿ ಹಗುರವೆನಿಸಬಹುದು. ಸ್ಟಾಲ್ ಆಗಿ (ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಸ್ಪಿನ್‌ಗೆ (ಗಿರಕಿ ಹೊಡೆಯುತ್ತ ಬೀಳುವ ಸ್ಥಿತಿಗೆ) ತಿರುಗಿದರೆ ಹೊರಬರಲು, ಮೂಗನ್ನು ಏರಿಳಿಸುವ ಬಾಲದ ಎಲಿವೇಟರಿಗೆ ಬಲ ಸಾಲದೇ ಹೋಗಬಹುದು.

ಇನ್ನೊಂದು ತುದಿಯನ್ನೂ ನೋಡಬೇಕು. 80 ಕಿಲೋಗ್ರಾಂ ತೂಕದ ಪೈಲಟ್ ಒಬ್ಬರೇ ಕುಳಿತು ಮೂಗಿನ ಟ್ಯಾಂಕ್ ಪೂರ್ತಿ ತುಂಬಿದ್ದರೆ ಕೇಂದ್ರ 0.684, ಮುಂದಿನ ಮಿತಿಗೆ ನಾಲ್ಕೇ ಮಿಲಿಮೀಟರ್ ಉಳಿದಿದೆ. ಅಂದರೆ ಮೂಗಿನ ಟ್ಯಾಂಕನ್ನು ಇನ್ನೂ ಹತ್ತು ಲೀಟರ್ ದೊಡ್ಡದು ಮಾಡುವ ಆಸೆಗೆ ಈ ವಿಮಾನದಲ್ಲಿ ಅವಕಾಶವಿಲ್ಲ. ನಿಮ್ಮ ವಿಮಾನದ ಅಂಕಿಗಳು ಬೇರೆಯೇ ಇರುತ್ತವೆ, ಆದರೆ ಒಬ್ಬರು–ಇಬ್ಬರು, ತುಂಬಿದ–ಖಾಲಿ, ಲಗೇಜು ಇರುವ–ಇಲ್ಲದ ಎಲ್ಲ ಜೋಡಣೆಗಳನ್ನೂ ಹೀಗೆಯೇ ಲೆಕ್ಕ ಹಾಕಬೇಕು. ಖಾಲಿ ತೂಕದ ಕೇಂದ್ರವನ್ನು ಮಾತ್ರ ನಕ್ಷೆಯಿಂದ ಎತ್ತಿಕೊಳ್ಳದೆ, ನಿಮ್ಮ ವಿಮಾನವನ್ನೇ ತಕ್ಕಡಿಗಳ ಮೇಲೆ ನಿಲ್ಲಿಸಿ ತೆಗೆಯಬೇಕು. ಒಂದೇ ನಕ್ಷೆಯಿಂದ ಕಟ್ಟಿದ ಎರಡು ವಿಮಾನಗಳು ಒಂದೇ ತೂಕ ಬರುವುದು ಅಪರೂಪ.

ಮೂಗಿನ ಟ್ಯಾಂಕ್

ಇದರ ದೊಡ್ಡ ಗುಣ ಸರಳತೆ. ಪೈಪರ್ ಜೆ-3 ಕಬ್ ವಿಮಾನದಲ್ಲಿ ಫೈರ್‌ವಾಲ್ ಹಿಂದಿನ 12 ಗ್ಯಾಲನ್, ಅಂದರೆ ಸುಮಾರು 45 ಲೀಟರ್ ಟ್ಯಾಂಕಿನಿಂದ ಇಂಧನ ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ತೇಲುವ ಕಾರ್ಕಿಗೆ ಸಿಕ್ಕಿಸಿದ ಒಂದು ತಂತಿ ಮುಚ್ಚಳದ ಮೂಲಕ ಹೊರಗೆ ಎದ್ದು ನಿಂತು ಎಷ್ಟು ಉಳಿದಿದೆ ಎಂಬುದನ್ನು ತೋರಿಸುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಎಡ–ಬಲ ಆರಿಸುವ ಕೆಲಸವಿಲ್ಲ. ಒಂದು ವಾಲ್ವ್, ಅದೂ ತೆರೆ–ಮುಚ್ಚು ಮಾತ್ರ. ಕೆಡಬಹುದಾದ ವಸ್ತುಗಳೇ ಕಡಿಮೆ ಇರುವ ಈ ವ್ಯವಸ್ಥೆಯನ್ನು ಬಿಟ್ಟುಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಈ ಸರಳತೆ ಎಂಜಿನ್ ಒಪ್ಪಿದರೆ ಮಾತ್ರ ಸಿಗುತ್ತದೆ. ಒಂದು ಮೀಟರ್ ಎತ್ತರದ ಪೆಟ್ರೋಲ್ ಕೊಡುವ ಒತ್ತಡ ಸುಮಾರು 0.07 ಬಾರ್. ತೇಲುಗುಂಡಿನ ಸರಳ ಕಾರ್ಬ್ಯುರೇಟರ್ ಇರುವ ಹಲವು ಎಂಜಿನ್‌ಗಳು ಇದಕ್ಕಿಂತ ಕಡಿಮೆ ಒತ್ತಡದಲ್ಲೂ ನಡೆಯುತ್ತವೆ. ಕಾರ್ಬ್ಯುರೇಟರ್ ಇರುವ ರೋಟ್ಯಾಕ್ಸ್ 912 ಮಾತ್ರ ಕನಿಷ್ಠ 0.15 ಬಾರ್ ಕೇಳುತ್ತದೆ. ಅದನ್ನು ಬರೀ ಇಳಿಜಾರಿನಿಂದ ಕೊಡಬೇಕಾದರೆ ಟ್ಯಾಂಕ್ ಎರಡು ಮೀಟರಿಗಿಂತ ಮೇಲಿರಬೇಕು, ಅದು ಸಾಧ್ಯವಿಲ್ಲ. ಇಂಧನವನ್ನು ನೇರ ಚಿಮ್ಮಿಸುವ ಎಂಜಿನ್‌ಗಳಿಗಂತೂ ಇದರ ಹತ್ತಾರು ಪಟ್ಟು ಒತ್ತಡ ಬೇಕು. ಅಂಥ ಎಂಜಿನ್ ಆರಿಸಿದವರಿಗೆ ಪಂಪ್ ತಪ್ಪಿದ್ದಲ್ಲವಾದ್ದರಿಂದ, ಮೂಗಿನ ಟ್ಯಾಂಕಿನ ಅರ್ಧ ಆಕರ್ಷಣೆ ಅಲ್ಲಿಗೇ ಮುಗಿಯಿತು.

ಅವಗುಣ ಎಲ್ಲರಿಗೂ ಗೊತ್ತಿರುವುದೇ: ಅಪಘಾತದಲ್ಲಿ ಎಂಜಿನ್ ಹಿಂದಕ್ಕೆ ನುಗ್ಗಿದರೆ ಅದು ಮೊದಲು ಮುಟ್ಟುವುದು ಟ್ಯಾಂಕನ್ನು, ಟ್ಯಾಂಕ್ ಒಡೆದರೆ ಪೆಟ್ರೋಲ್ ಸುರಿಯುವುದು ಪೈಲಟ್‌ನ ತೊಡೆಯ ಮೇಲೆ. ಅಮೆರಿಕದ ಲಘು ವಿಮಾನಗಳ ಪ್ರಮಾಣೀಕರಣ ನಿಯಮಾವಳಿಯಾದ ಭಾಗ 23, 2017ರ ಪರಿಷ್ಕರಣೆಗೆ ಮುಂಚಿನ ರೂಪದಲ್ಲಿ, ಫೈರ್‌ವಾಲ್ ಮತ್ತು ಟ್ಯಾಂಕಿನ ನಡುವೆ ಕನಿಷ್ಠ ಅರ್ಧ ಇಂಚು ತೆರವು ಇರಬೇಕೆಂದೂ, ಜನರಿರುವ ಭಾಗದಲ್ಲಿ ಟ್ಯಾಂಕ್ ಇದ್ದರೆ ಆವಿ ಮತ್ತು ಇಂಧನ ಒಳನುಗ್ಗದಂತೆ ಅದಕ್ಕೆ ಹೊರಗೆ ಬಸಿಯುವ, ಗಾಳಿಯಾಡುವ ಪ್ರತ್ಯೇಕ ಆವರಣ ಇರಬೇಕೆಂದೂ ಹೇಳುತ್ತಿತ್ತು. ಸ್ವಂತ ವಿಮಾನಕ್ಕೆ ಈ ನಿಯಮ ಕಡ್ಡಾಯವಲ್ಲ, ಆದರೆ ಅಳತೆಗೋಲಾಗಿ ಇದಕ್ಕಿಂತ ಉತ್ತಮವಾದದ್ದು ಸುಲಭವಾಗಿ ಸಿಗುವುದಿಲ್ಲ. ಮೂಗಿನ ಟ್ಯಾಂಕನ್ನು ಉಳಿಸಿಕೊಂಡೇ ಸುರಕ್ಷತೆ ಹೆಚ್ಚಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸವೂ ಇದೇ: ತಳದಲ್ಲಿ ಒಂದು ತಟ್ಟೆ, ಅದರಿಂದ ಹೊರಕ್ಕೆ ಒಂದು ಬಸಿಗೊಳವೆ, ತುಂಬುವ ಬಾಯಿಯ ಸುತ್ತ ಚೆಲ್ಲಿದ್ದು ಒಳಗಿಳಿಯದಂತೆ ಒಂದು ಕಟ್ಟೆ.

ರೆಕ್ಕೆಯ ಟ್ಯಾಂಕ್

ತೂಕದ ದೃಷ್ಟಿಯಿಂದ ರೆಕ್ಕೆಯೇ ಶ್ರೇಷ್ಠ ಎಂಬುದು ಮೇಲಿನ ಲೆಕ್ಕದಿಂದಲೇ ಸ್ಪಷ್ಟ. ಪೆಟ್ರೋಲ್ ಜನರಿಂದ ದೂರವಿರುತ್ತದೆ. ರೆಕ್ಕೆ ಮೇಲಕ್ಕೆ ಎತ್ತುವ ಬಲಕ್ಕೆ ಇಂಧನದ ತೂಕ ಕೆಳಕ್ಕೆ ಎದುರಾಗುವುದರಿಂದ ಬುಡದಲ್ಲಿ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ಮೇಲಿನ ಬಾಗುಬಲವೂ ಸ್ವಲ್ಪ ತಗ್ಗುತ್ತದೆ. ವ್ಯಾನ್ಸ್ ಕಂಪನಿಯ ಆರ್‌ವಿ-6, ಆರ್‌ವಿ-7 ಮೊದಲಾದವುಗಳಲ್ಲಿ ರೆಕ್ಕೆಯ ಮುಂದಿನ ಅಂಚಿನ ಭಾಗವೇ ಟ್ಯಾಂಕ್ ಆಗಿದೆ. ಇದರಿಂದ ಉತ್ತೇಜಿತರಾಗಿ ರೆಕ್ಕೆಯ ತುದಿಯವರೆಗೂ ಟ್ಯಾಂಕ್ ಹಿಗ್ಗಿಸುವವರು ಒಂದು ವಿಷಯ ಗಮನಿಸಬೇಕು: ತುದಿಯ ಕಡೆಗಿನ ತೂಕ ಸ್ಪಿನ್‌ನಿಂದ ಹೊರಬರುವುದನ್ನು ನಿಧಾನಗೊಳಿಸುತ್ತದೆ, ರೆಕ್ಕೆಯ ಕಂಪನದ ಸ್ವಭಾವವನ್ನೂ ಬದಲಿಸುತ್ತದೆ. ಬುಡದಿಂದ ಮೊದಲ ಕೆಲವು ಅಡ್ಡ ಪಟ್ಟಿಗಳ, ಅಂದರೆ ರಿಬ್‌ಗಳ ನಡುವೆ, ಸ್ಪಾರ್‌ನ ಮುಂದೆ ಉಳಿಯುವುದೇ ಕ್ಷೇಮ.

ರೆಕ್ಕೆ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ. ಮೇಲ್ರೆಕ್ಕೆಯ ವಿಮಾನದಲ್ಲಿ ಎರಡೂ ಟ್ಯಾಂಕುಗಳಿಂದ ಇಂಧನ ತಾನಾಗಿ ಇಳಿಯುತ್ತದೆ. ವೆಂಟ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಎರಡನ್ನೂ ಒಟ್ಟಿಗೆ ತೆರೆದಿಡಬಹುದು. ಮೂಗಿನಿಂದ ರೆಕ್ಕೆಗೆ ಸರಿಸುವುದರಿಂದ ಇಲ್ಲಿ ಲಾಭ ಹೆಚ್ಚು, ನಷ್ಟ ಕಡಿಮೆ. ಕೆಳರೆಕ್ಕೆಯ ವಿಮಾನದಲ್ಲಿ ಟ್ಯಾಂಕ್ ಎಂಜಿನ್‌ಗಿಂತ ಕೆಳಗಿರುವುದರಿಂದ ಇಂಧನವನ್ನು ಮೇಲಕ್ಕೆ ಎಳೆಯಬೇಕು. ಎರಡು ಟ್ಯಾಂಕುಗಳನ್ನು ಒಟ್ಟಿಗೆ ತೆರೆದಿಟ್ಟು ಪಂಪ್ ಎಳೆದರೆ, ಒಂದು ಖಾಲಿಯಾದ ಕ್ಷಣ ಪಂಪ್ ಅಲ್ಲಿಂದ ಗಾಳಿಯನ್ನೇ ಎಳೆಯುತ್ತದೆ, ಇನ್ನೊಂದರಲ್ಲಿ ಇಪ್ಪತ್ತು ಲೀಟರ್ ಉಳಿದಿದ್ದರೂ ಎಂಜಿನ್ ನಿಲ್ಲುತ್ತದೆ. ಹಾಗಾಗಿ ಎಡ ಅಥವಾ ಬಲ ಆರಿಸುವ ಸೆಲೆಕ್ಟರ್ ಬೇಕು, ಎಂಜಿನ್ ತಿರುಗಿಸುವ ಪಂಪಿನ ಜೊತೆಗೆ ಒಂದು ವಿದ್ಯುತ್ ಪಂಪ್ ಬೇಕು, ಆ ಪಂಪಿಗೆ ನಂಬಬಹುದಾದ ವಿದ್ಯುತ್ತೂ ಬೇಕು.

ಎಳೆಯುವ ಪೈಪಿನಲ್ಲಿ ಒತ್ತಡ ಕುಸಿಯುವುದರಿಂದ ಬಿಸಿ ಪೆಟ್ರೋಲ್ ಅಲ್ಲಿಯೇ ಆವಿಯಾಗಿ ಹರಿವು ಕಡಿಯಬಹುದು. ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ. ವಿಮಾನದ ಪೆಟ್ರೋಲಿನ ಆವಿ ಒತ್ತಡ 38 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ 49 ಕಿಲೋಪಾಸ್ಕಲ್ ಮೀರದಂತೆ ನಿಗದಿಯಾಗಿದೆ. ಕಾರಿನ ಪೆಟ್ರೋಲ್ ಎಷ್ಟೋ ಸಲ ಇದನ್ನು ದಾಟುತ್ತದೆ. ವಿದ್ಯುತ್ ಪಂಪನ್ನು ಎಂಜಿನ್ ಕಡೆ ಬಿಸಿಯಲ್ಲಿ ಇಡದೆ, ಸಾಧ್ಯವಾದಷ್ಟು ಕೆಳಗೆ, ಟ್ಯಾಂಕಿಗೆ ಹತ್ತಿರ ಇಟ್ಟು, ಅದು ಎಳೆಯುವ ಬದಲು ತಳ್ಳುವಂತೆ ಮಾಡಿದರೆ ಈ ತೊಂದರೆಯ ಬಹುಪಾಲು ನೀಗುತ್ತದೆ. ಕಾರಿನ ಪೆಟ್ರೋಲ್ ಬಳಸುವ ಉದ್ದೇಶವಿದ್ದರೆ ಅದರಲ್ಲಿ ಬೆರೆತ ಎಥನಾಲ್ ನೀರನ್ನು ಹೀರುತ್ತದೆ, ಕೆಲವು ರಾಳಗಳನ್ನೂ ಸೀಲಂಟುಗಳನ್ನೂ ಮೆತ್ತಗಾಗಿಸುತ್ತದೆ ಎಂಬುದನ್ನು ಟ್ಯಾಂಕಿನ ವಸ್ತುವನ್ನು ಆರಿಸುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫೈಬರ್‌ಗ್ಲಾಸ್ ಟ್ಯಾಂಕ್ ಮಾಡುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಸೆಲೆಕ್ಟರ್ ಎಲ್ಲಿರಬೇಕು ಎಂಬುದು ಚಿಲ್ಲರೆ ವಿಷಯವೆಂದು ಯಾರಿಗಾದರೂ ಅನಿಸಿದರೆ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರಿ ಬಳಿ ಸಮುದ್ರಕ್ಕೆ ಬಿದ್ದ ಲಾಂಗ್-ಇಝಡ್ ವಿಮಾನವನ್ನು ನೆನೆಯಬೇಕು. ಅದರಲ್ಲಿ ಗಾಯಕ ಜಾನ್ ಡೆನ್ವರ್ ತೀರಿಕೊಂಡರು. ವಿನ್ಯಾಸಕಾರ ಬರ್ಟ್ ರುಟಾನ್ ಅವರ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇರಬೇಕಾದ ವಾಲ್ವನ್ನು, ಇಂಧನದ ಪೈಪು ಕಾಕ್‌ಪಿಟ್ ಒಳಗೆ ಬಾರದಿರಲಿ ಎಂದು, ಆ ವಿಮಾನ ಕಟ್ಟಿದವರು ಪೈಲಟ್‌ನ ಎಡಭುಜದ ಹಿಂದಕ್ಕೆ ಸರಿಸಿದ್ದರು. ಅದನ್ನು ತಿರುಗಿಸಲು ಸೀಟಿನಲ್ಲೇ ಹೊರಳಿ ಕೈ ಹಿಂದಕ್ಕೆ ಚಾಚಬೇಕಿತ್ತು. ಹಾಗೆ ಹೊರಳುವಾಗ ಬಲಗಾಲು ತಾನಾಗಿ ವಿಮಾನದ ಮೂಗನ್ನು ಬಲಕ್ಕೆ ತಿರುಗಿಸುವ ಬಲ ರಡ್ಡರ್ ಪೆಡಲನ್ನು ಒತ್ತುವ ಸಾಧ್ಯತೆಯನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಎತ್ತಿ ತೋರಿಸಿತು. ಬೆಂಕಿಯ ಭಯದಿಂದ, ಒಳ್ಳೆಯ ಉದ್ದೇಶದಿಂದಲೇ ಮಾಡಿದ ಬದಲಾವಣೆ ಅದು. ಭುಜದ ಪಟ್ಟಿಯನ್ನು ಬಿಗಿದುಕೊಂಡು, ಮುಂದೆ ನೋಡುತ್ತಲೇ, ಕಡ್ಡಿ ಹಿಡಿಯದ ಕೈಯಿಂದ ತಿರುಗಿಸಲಾಗದ ವಾಲ್ವ್ ತಪ್ಪು ಜಾಗದಲ್ಲಿದೆ ಎಂದೇ ತಿಳಿಯಬೇಕು.

ರೆಕ್ಕೆಯ ಟ್ಯಾಂಕಿನ ಒಳಗೂ ಗಮನ ಹರಿಸಬೇಕಾದ ಸಂಗತಿಗಳಿವೆ. ಅಗಲವಾಗಿ ಆಳವಿಲ್ಲದೆ ಹರಡಿರುವ ಟ್ಯಾಂಕಿನಲ್ಲಿ ಇಂಧನ ಕಡಿಮೆಯಾದಾಗ, ವಿಮಾನ ಅಡ್ಡ ಜಾರಿದರೆ ದ್ರವವೆಲ್ಲ ಹೊರಬದಿಗೆ ಓಡಿ, ಬುಡದಲ್ಲಿರುವ ಹೊರಹರಿವಿನ ಬಾಯಿ ಬರಿದಾಗುತ್ತದೆ. ಒಳಗೆ ತಡೆಗೋಡೆಗಳನ್ನು ನಿಲ್ಲಿಸಿ, ಬುಡದ ಕಡೆಗೆ ಮಾತ್ರ ತೆರೆಯುವ ಸಣ್ಣ ಬಾಗಿಲನ್ನು ಒಂದಕ್ಕಿಟ್ಟರೆ ಕೊನೆಯ ಕೆಲವು ಲೀಟರ್ ಬಾಯಿಯ ಬಳಿಯೇ ನಿಲ್ಲುತ್ತದೆ. ಬಾಲಚಕ್ರದ ವಿಮಾನದಲ್ಲಿ ಇನ್ನೊಂದು ಸೂಕ್ಷ್ಮವಿದೆ: ನೆಲದ ಮೇಲೆ ಮೂಗು ಎತ್ತಿ ನಿಂತಾಗ ಟ್ಯಾಂಕಿನ ತಗ್ಗಿನ ಮೂಲೆ ಹಿಂಬದಿಯದು, ಸಮತಟ್ಟಾಗಿ ಹಾರುವಾಗ ಅದು ಮುಂದಕ್ಕೆ ಬರಬಹುದು. ನೀರು ಬಸಿಯುವ ಡ್ರೇನ್ ಮೊದಲನೆಯ ಮೂಲೆಯಲ್ಲಿರಬೇಕು. ಎಂಜಿನ್‌ಗೆ ಹೋಗುವ ಬಾಯಿ ಏರುವಾಗಲೂ ಇಳಿಯುವಾಗಲೂ ಮುಳುಗಿರುವ ಜಾಗದಲ್ಲಿರಬೇಕು. ಎರಡನ್ನೂ ಒಂದೇ ಬೋಲ್ಟಿನ ರಂಧ್ರದಲ್ಲಿ ಮುಗಿಸಿಬಿಡುವ ಆತುರ ಬೇಡ.

ಮುಚ್ಚಳದ ವಿಷಯವೂ ಅಷ್ಟೇ. ರೆಕ್ಕೆಯ ಮೇಲ್ಮೈಯಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸಡಿಲ ಮುಚ್ಚಳದ ಸಂದಿಯಿಂದ ಇಂಧನ ಹೀರಿ ಹೊರಬರುತ್ತದೆ, ಬಣ್ಣದ ಮೇಲೆ ಹಿಂದಕ್ಕೆ ಹರಿದ ನೀಲಿ ಗೆರೆಯಾಗಿ ಕಾಣುತ್ತದೆ. ಗಾಳಿ ಒಳಬರುವುದು ಮುಚ್ಚಳದಿಂದಲ್ಲ, ರೆಕ್ಕೆಯ ಕೆಳಗೆ ಮುಂದಕ್ಕೆ ಮುಖ ಮಾಡಿದ ಪ್ರತ್ಯೇಕ ವೆಂಟ್‌ನಿಂದ ಇರಲಿ. ಬಿಸಿಲಿಗೆ ಹಿಗ್ಗುವ ಇಂಧನಕ್ಕೆ ಟ್ಯಾಂಕಿನಲ್ಲಿ ಶೇಕಡಾ 2ರಷ್ಟಾದರೂ ಜಾಗ ಬಿಡಬೇಕು. 60 ಲೀಟರಿಗೆ ಅದು 1.2 ಲೀಟರ್.

ಆಸನಗಳ ಹಿಂದಿನ ಟ್ಯಾಂಕ್

ವ್ಯಾನ್ಸ್ ಆರ್‌ವಿ-12ರಲ್ಲಿ ಆಸನಗಳ ಹಿಂದೆಯೇ ಟ್ಯಾಂಕ್ ಇದೆ. ರೆಕ್ಕೆಗಳನ್ನು ಸುಲಭವಾಗಿ ಕಳಚಬೇಕಾದ ಆ ವಿಮಾನಕ್ಕೆ ಅದು ಒಳ್ಳೆಯ ಉತ್ತರ, ಏಕೆಂದರೆ ಕಳಚುವಾಗ ಇಂಧನದ ಪೈಪು ಬಿಚ್ಚಬೇಕಿಲ್ಲ. ಆದರೆ ಅಲ್ಲಿ ಇಡೀ ವಿಮಾನದ ತೂಕ ಹಂಚಿಕೆಯನ್ನು ಮೊದಲಿನಿಂದಲೇ ಆ ಟ್ಯಾಂಕಿಗೆ ಹೊಂದಿಸಲಾಗಿದೆ. ಮೂಗಿನ ಟ್ಯಾಂಕಿಗಾಗಿ ವಿನ್ಯಾಸಗೊಂಡ ವಿಮಾನದಲ್ಲಿ ಅದೇ ಇಂಧನವನ್ನು ಹಿಂದಕ್ಕೆ ಒಯ್ಯುವುದು ಬೇರೆಯೇ ಮಾತು. ಜೊತೆಗೆ, ಹಿಂದಿರುವ ಟ್ಯಾಂಕ್ ಅಪಘಾತದಲ್ಲಿ ಮುಂದಕ್ಕೆ ನುಗ್ಗಲು ನೋಡುತ್ತದೆ. ಜನರ ಹಿಂದೆ ಕ್ಯಾಬಿನ್ನಿನಲ್ಲಿರುವ ವಸ್ತುಗಳಿಗೆ ಭಾಗ 23 ಕೇಳುತ್ತಿದ್ದ 18ಜಿ (ತೂಕದ ಹದಿನೆಂಟು ಪಟ್ಟು ಬಲ) ಲೆಕ್ಕ ಹಿಡಿದರೆ, 43 ಕಿಲೋಗ್ರಾಂ ಇಂಧನ ತನ್ನ ಪಟ್ಟಿಗಳ ಮೇಲೆ ಹಾಕುವ ಬಲ 770 ಕಿಲೋಗ್ರಾಂ ಭಾರಕ್ಕೂ ಮಿಗಿಲು. ತೆಳು ಪ್ಲೈವುಡ್ ನೆಲಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಟ್ಯಾಂಕ್ ಇದನ್ನು ತಡೆಯುವುದಿಲ್ಲ. ನನ್ನ ಮಟ್ಟಿಗೆ ಇದು ಕೊನೆಯ ಆಯ್ಕೆ. ಹತ್ತು ಹದಿನೈದು ಲೀಟರಿನ ಸಣ್ಣ ಹೆಚ್ಚುವರಿ ಟ್ಯಾಂಕಿಗಾದರೆ ಲೆಕ್ಕ ಒಪ್ಪಿದಾಗ ಯೋಚಿಸಬಹುದು.

ಬೆರಕೆಯ ದಾರಿ

ಕೆಆರ್-2ರಂಥ ಕೆಳರೆಕ್ಕೆಯ ವಿಮಾನಗಳನ್ನು ಕಟ್ಟುವವರಲ್ಲಿ ಪ್ರಚಲಿತವಿರುವ ಉಪಾಯವೆಂದರೆ, ಮೂಗಿನಲ್ಲಿ ಒಂದು ಸಣ್ಣ ಟ್ಯಾಂಕ್ ಉಳಿಸಿಕೊಂಡು, ರೆಕ್ಕೆಗಳಲ್ಲಿ ಹೆಚ್ಚುವರಿ ಟ್ಯಾಂಕ್ ಮಾಡಿ, ಅಲ್ಲಿಂದ ಸಣ್ಣ ವಿದ್ಯುತ್ ಪಂಪಿನಿಂದ ಮೂಗಿನ ಟ್ಯಾಂಕಿಗೆ ಏರಿಸುವುದು. ಎಂಜಿನ್ ಯಾವಾಗಲೂ ಮೂಗಿನ ಟ್ಯಾಂಕಿನಿಂದಲೇ, ಇಳಿಜಾರಿನಿಂದಲೇ ಕುಡಿಯುತ್ತದೆ. ಪಂಪ್ ಕೆಟ್ಟರೆ ಎಂಜಿನ್ ತಕ್ಷಣ ನಿಲ್ಲುವುದಿಲ್ಲ, ಇಳಿಯುವ ಜಾಗ ಹುಡುಕಲು ಸಮಯ ಸಿಗುತ್ತದೆ. ಮೂಗಿನಲ್ಲಿ 15–20 ಲೀಟರ್ ಮಾತ್ರ ಇರುವುದರಿಂದ ತೂಕದ ಜಾರಾಟವೂ ಕಡಿಮೆ. ಪಂಪನ್ನು ನಿಲ್ಲಿಸಲು ಮರೆತರೆ ಮೂಗಿನ ಟ್ಯಾಂಕ್ ತುಂಬಿ ವೆಂಟ್‌ನಿಂದ ಹೊರಚೆಲ್ಲುತ್ತದೆ. ಆದ್ದರಿಂದ ವೆಂಟ್‌ನ ಬಾಯಿ ಎಕ್ಸಾಸ್ಟ್‌ನಿಂದ ದೂರವಿರಬೇಕು, ಅದರ ಗೊಳವೆ ಪಂಪಿನ ಪೂರ್ತಿ ಹರಿವನ್ನು ಹೊರಬಿಡುವಷ್ಟು ದಪ್ಪವಿರಬೇಕು, ಮೂಗಿನ ಟ್ಯಾಂಕಿಗೆ ಮಟ್ಟ ಕಡಿಮೆಯಾದಾಗ ಉರಿಯುವ ದೀಪವೊಂದಿರಬೇಕು.

ಯಾರಿಗೆ ಯಾವುದು

ಮೇಲ್ರೆಕ್ಕೆಯ ವಿಮಾನ, ರೆಕ್ಕೆಯ ಹೊದಿಕೆ ಇನ್ನೂ ಮುಚ್ಚಿಲ್ಲ, ಸರಳ ಕಾರ್ಬ್ಯುರೇಟರಿನ ಎಂಜಿನ್ ಎಂದಾದರೆ ರೆಕ್ಕೆಗೆ ಹೋಗಲು ಹಿಂಜರಿಯಬೇಕಿಲ್ಲ. ಕೆಳರೆಕ್ಕೆ, ಮುಚ್ಚದ ರೆಕ್ಕೆ, ಹೇಗಿದ್ದರೂ ಪಂಪ್ ಬೇಡುವ ಎಂಜಿನ್ ಎಂದಾದರೂ ಪೂರ್ತಿ ರೆಕ್ಕೆಯ ಟ್ಯಾಂಕೇ ಸರಿ, ಎರಡು ಪಂಪು ಮತ್ತು ಸೆಲೆಕ್ಟರಿನ ಶಿಸ್ತನ್ನು ಒಪ್ಪಿಕೊಂಡು. ಕೆಳರೆಕ್ಕೆಯಲ್ಲಿ ಇಳಿಜಾರಿಗೆ ಒಪ್ಪುವ ಎಂಜಿನ್ ಇದ್ದು ದೂರ ಹಾರುವ ಆಸೆ ಮಾತ್ರ ಇದ್ದರೆ ಬೆರಕೆಯ ದಾರಿ. ಹೊದಿಕೆ ಮುಚ್ಚಿ, ಬಣ್ಣ ಹೊಡೆದು, ಈಗಾಗಲೇ ಹಾರುತ್ತಿರುವ ವಿಮಾನವಾದರೆ ರೆಕ್ಕೆ ಕೊರೆಯುವ ಸಾಹಸಕ್ಕಿಂತ ಇರುವ ಟ್ಯಾಂಕನ್ನು ಭದ್ರಪಡಿಸಿ, ನಡುವೆ ಒಂದು ಕಡೆ ಇಳಿದು ತುಂಬಿಸಿಕೊಳ್ಳುವುದು ಹೆಚ್ಚು ಬುದ್ಧಿವಂತಿಕೆ ಎನ್ನುತ್ತೇನೆ. ಯಾವ ದಾರಿ ಹಿಡಿದರೂ ವಿನ್ಯಾಸಕಾರರು ಬದುಕಿದ್ದು ಉತ್ತರಿಸುವವರಾದರೆ ಅವರನ್ನು ಕೇಳಿ; ನಿಮ್ಮ ದೇಶದ ವಿಮಾನಯಾನ ಪ್ರಾಧಿಕಾರ ಇಂಥ ಬದಲಾವಣೆಗೆ ಏನು ಕೇಳುತ್ತದೆ ಎಂಬುದನ್ನು ಕತ್ತರಿ ಹಿಡಿಯುವ ಮೊದಲೇ ತಿಳಿದುಕೊಳ್ಳಿ.

ಹಾರುವ ಮುನ್ನ ಪರೀಕ್ಷೆ

ರಿವೆಟ್ ಹೊಡೆದು ಸೀಲಂಟ್ ಹಚ್ಚಿದ ಟ್ಯಾಂಕಿನ ಸೋರಿಕೆ ನೋಡಲು ಒಂದು ಬಾಯಿಗೆ ಬಲೂನ್ ಕಟ್ಟಿ, ಉಳಿದವನ್ನು ಮುಚ್ಚಿ, ಮೆಲ್ಲಗೆ ಗಾಳಿ ತುಂಬಿ, ಪ್ರತಿ ರಿವೆಟ್ಟಿನ ಮೇಲೂ ಸೋಪಿನ ನೀರು ಹಚ್ಚುವುದು ರೂಢಿ. ಬಲೂನ್ ಇರುವುದು ಒತ್ತಡ ಮೀರಿ ಟ್ಯಾಂಕಿನ ತಗಡು ಉಬ್ಬದಂತೆ ಕಾಯಲು. ಬಲೂನ್ ರಾತ್ರಿ ಕುಗ್ಗಿ ಬೆಳಗಿನ ಬಿಸಿಲಿಗೆ ಮತ್ತೆ ಊದಿದರೆ ಅದು ಸೋರಿಕೆಯಲ್ಲ, ಹವೆಯ ಆಟ. ರಿವೆಟ್ಟಿನ ತಲೆಯ ಸುತ್ತ ಸಾಸಿವೆಯಷ್ಟು ನೊರೆ ಮತ್ತೆ ಮತ್ತೆ ಎದ್ದರೆ ಮಾತ್ರ ಅಲ್ಲಿ ಕೆಲಸವಿದೆ.

ಹರಿವಿನ ಪರೀಕ್ಷೆಯನ್ನು ಯಾರೂ ಬಿಡಬಾರದು. 2012ರಲ್ಲಿ ಅಮೆರಿಕದ ಅದೇ ಸುರಕ್ಷತಾ ಮಂಡಳಿ ಸ್ವಂತ ನಿರ್ಮಾಣದ ವಿಮಾನಗಳ ಬಗ್ಗೆ ನಡೆಸಿದ ಅಧ್ಯಯನವೂ ಇಂಧನ ವ್ಯವಸ್ಥೆಯ ಪರೀಕ್ಷೆಗೆ ದಾಖಲೆ ಇರಬೇಕೆಂದು ಶಿಫಾರಸು ಮಾಡಿತು. ವಿಮಾನದ ಮೂಗನ್ನು ಅತಿ ಕಡಿದಾಗಿ ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ತೀರಾ ಕಡಿಮೆ ಇಂಧನ ಉಳಿಸಿ, ಕಾರ್ಬ್ಯುರೇಟರಿನ ಪೈಪು ಬಿಚ್ಚಿ, ಭೂಸಂಪರ್ಕ ಕೊಟ್ಟ ಲೋಹದ ಡಬ್ಬಕ್ಕೆ ಹರಿಯಬಿಟ್ಟು ಗಡಿಯಾರ ನೋಡಬೇಕು. ಇಳಿಜಾರಿನ ವ್ಯವಸ್ಥೆಯಾದರೆ ಟೇಕಾಫ್ ಬಳಕೆಯ ಶೇಕಡಾ 150, ಪಂಪಿನದಾದರೆ ಶೇಕಡಾ 125 ಹರಿಯಬೇಕೆಂಬುದು 2017ಕ್ಕೆ ಮುಂಚಿನ ಭಾಗ 23ರ ಅಳತೆಯಾಗಿತ್ತು. ಎಂಜಿನ್ ಗಂಟೆಗೆ 24 ಲೀಟರ್ ಕುಡಿಯುವುದಾದರೆ ಕ್ರಮವಾಗಿ 36 ಮತ್ತು 30 ಲೀಟರ್; ಅಂದರೆ ಇಳಿಜಾರಿನಲ್ಲಿ ಐದು ನಿಮಿಷಕ್ಕೆ 3 ಲೀಟರ್ ಡಬ್ಬ ತುಂಬಬೇಕು. ಪಂಪಿನ ವ್ಯವಸ್ಥೆಯಲ್ಲಿ ಪ್ರತಿ ಟ್ಯಾಂಕನ್ನೂ ಪ್ರತಿ ಪಂಪನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಹರಿವು ಕಡಿದು ನಿಂತಾಗ ಒಳಗೆ ಉಳಿದ ಇಂಧನವನ್ನು ಬಸಿದು ಅಳೆದರೆ ಬಳಸಲಾಗದ ಇಂಧನದ ಪ್ರಮಾಣ ಸಿಗುತ್ತದೆ. ಆ ಅಂಕಿಯನ್ನು ಕಳೆದು ಉಳಿದದ್ದನ್ನೇ ಸೆಲೆಕ್ಟರ್ ಪಕ್ಕದ ಫಲಕದಲ್ಲಿ ಬರೆಯಬೇಕು, ಗೇಜಿನ ಸೊನ್ನೆಯನ್ನೂ ಅಲ್ಲಿಗೇ ಹೊಂದಿಸಬೇಕು.